ಮಾವುಯಿಯ ಗಾಳ

ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನಿಗೆ ಕಳೆದ ವರ್ಷ ನೀರಿನ ಕೋಸ್ಟರೊಂದರ ಮಾದರಿಯನ್ನು ರಚಿಸುವ ಕೆಲಸ ಬಂದಿತು. ಪಾಲಿನೇಷ್ಯದ ಪುರಾಣವೇ ಅದರ ವಸ್ತುವಾಗಿರಬೇಕೆಂಬುದು ನಿಬಂಧನೆ. ಲೆಕ್ಕವೆಲ್ಲ ಅವನ ಪಾಲು. ಕಲಾವಿಭಾಗದವಳೆಂಬ ಕಾರಣಕ್ಕೆ ಕಥೆಯ ಪಾಲು ನನ್ನದಾಯಿತು. ಆಗ ಕಲಿತುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೋಸ್ಟರೆಂಬುದು ಮೂಲತಃ ಎತ್ತರದ ಆಟ. ಬಂಡಿಯನ್ನು ಮೊದಲೊಮ್ಮೆ ಮೇಲಕ್ಕೆಳೆದು ಬಿಟ್ಟರೆ ಉಳಿದ ಓಟವೆಲ್ಲ ಭೂಮಿಯ ಸೆಳೆತದಿಂದಲೇ ನಡೆಯುತ್ತದೆ. 12 ಮೀಟರ್ ಎತ್ತರದಿಂದ ಇಳಿದ ಬಂಡಿಯು, ಘರ್ಷಣೆಯನ್ನು ಗಣಿಸದಿದ್ದರೆ, ತಳದಲ್ಲಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗವನ್ನು ಪಡೆಯುತ್ತದೆ. ಈ ಲೆಕ್ಕದಲ್ಲಿ ಬಂಡಿಯ ತೂಕದ ಮಾತೇ ಬರುವುದಿಲ್ಲವೆಂದು ತಿಳಿದಾಗ ನನಗೆ ಬಹಳ ಸೋಜಿಗವಾಯಿತು. ಆದರೆ ಎರಡನೆಯ ದಿಬ್ಬವು ಮೊದಲನೆಯದಕ್ಕಿಂತ ತಗ್ಗಾಗಿರಲೇಬೇಕು. ನೀರಿನಲ್ಲಿ ದೋಣಿಯ ವೇಗವು ಇನ್ನೂ ಬೇಗ ಕುಗ್ಗುವುದರಿಂದ ಏರುವೆಡೆಯಲ್ಲಿ ಅದನ್ನು ತಳ್ಳಬೇಕಾಗುತ್ತದೆ. ಕೆಲವರು ಇದಕ್ಕೆ ನೀರನ್ನೇ ರಭಸದಿಂದ ಚಿಮ್ಮಿಸುತ್ತಾರೆ. ಮತ್ತೆ ಕೆಲವರು ಹಾದಿಯುದ್ದಕ್ಕೂ ವಿದ್ಯುತ್ ಸುರುಳಿಗಳನ್ನಿಟ್ಟು, ಅವುಗಳ ಚಲಿಸುವ ಕಾಂತಕ್ಷೇತ್ರದಿಂದ ದೋಣಿಯನ್ನು ಮೇಲಕ್ಕೊಯ್ಯುತ್ತಾರೆ. ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ 2017ರ ಮೇ ತಿಂಗಳಲ್ಲಿ ತೆರೆದ ವಾಲ್ಕನೊ ಬೇ ಉದ್ಯಾನದ ಕ್ರಾಕಟಾವ್ ಕೋಸ್ಟರು ಈ ಎರಡನೆಯ ಬಗೆಯದು. ಅದರ ಯಂತ್ರ ಮೆಚ್ಚತಕ್ಕದ್ದು. ಕಥೆಯ ಬಗ್ಗೆ ಹಾಗೆನ್ನಲಾರೆ. ಕ್ರಾಕಟಾವ್ ಎಂಬ ನಿಜವಾದ ಜ್ವಾಲಾಮುಖಿ ಇರುವುದು ಇಂಡೊನೇಷ್ಯದಲ್ಲಿ; ಅಲ್ಲಿನ ಕಥೆಯ 'ವಾಟುರಿ' ಜನರಂತೂ ವಿನ್ಯಾಸಕಾರರ ಕಲ್ಪನೆ.

ನಿಜವಾದ ಪುರಾಣವೇ ಇರುವಾಗ ಕಲ್ಪಿತ ಜನರೇಕೆ? ಹವಾಯಿ, ನ್ಯೂಜಿಲೆಂಡ್ ಮೊದಲಾದ ದ್ವೀಪಗಳಲ್ಲೆಲ್ಲ ಮಾವುಯಿ ಎಂಬ ವೀರನ ಕಥೆಗಳಿವೆ. ಮಾವೊರಿ ಜನರು ಹೇಳುವಂತೆ, ಅಣ್ಣಂದಿರು ಮೀನು ಹಿಡಿಯಲು ತನ್ನನ್ನು ಕರೆದೊಯ್ಯದಿದ್ದಾಗ ಮಾವುಯಿ ದೋಣಿಯ ತಳದಲ್ಲಿ ಅಡಗಿ ಕುಳಿತನು. ನಡುಗಡಲಿನಲ್ಲಿ ಎದ್ದು, ಅಜ್ಜಿಯ ದವಡೆಯೆಲುಬಿನಿಂದ ಮಾಡಿದ ಗಾಳವನ್ನು ಇಳಿಬಿಟ್ಟು, ಮಹಾಮತ್ಸ್ಯವೊಂದನ್ನು ಮೇಲೆತ್ತಿದನು. ಅದೇ ನ್ಯೂಜಿಲೆಂಡಿನ ಉತ್ತರ ದ್ವೀಪ; ಅದರ ಮಾವೊರಿ ಹೆಸರಿಗೆ 'ಮಾವುಯಿಯ ಮೀನು' ಎಂದೇ ಅರ್ಥ. ಆಸೆಬುರುಕ ಅಣ್ಣಂದಿರು ಮೀನನ್ನು ಕಂಡಕಂಡಂತೆ ಕೊಚ್ಚಿದ್ದರಿಂದ ಅಲ್ಲಿ ಬೆಟ್ಟ ಕಣಿವೆಗಳಾದುವಂತೆ. ಮುಳುಗಿದ ಭೂಮಿಯನ್ನು ಕೋರೆಯಿಂದೆತ್ತಿದ ನಮ್ಮ ವರಾಹನು ಯಾರಿಗೆ ತಾನೆ ನೆನಪಾಗನು!

ಈ ಕಥೆಗೂ ಅಣ್ಣನ ಲೆಕ್ಕಕ್ಕೂ ತಾನಾಗಿಯೇ ಹೊಂದಿಕೆಯಾಯಿತು. ನಿಧಾನವಾದ ಮೊದಲ ಏರು ಕಡಲಯಾನ. 12 ಮೀಟರಿನ ಇಳಿತ ಗಾಳ ಮುಳುಗುವ ಕ್ಷಣ. ದೋಣಿ ಸೋತು ನಿಲ್ಲುವೆನೆನ್ನುವಾಗ ಕಾಂತದ ಬಲ ಅದನ್ನು ಮೇಲಕ್ಕೆಳೆದರೆ, ಕುಳಿತವರಿಗೆ ನೆಲವೇ ಮೇಲೆದ್ದಂತಾಗಬೇಕು. ಬಳಿಕ ಕೊಚ್ಚಿದ ಮೀನಿನ ಬೆನ್ನಿನ ಮೇಲೆ ಸಣ್ಣ ಸಣ್ಣ ಉಬ್ಬುತಗ್ಗುಗಳು.

ಕೊನೆಗೆ ನಾನೊಂದು ಕತ್ತಲೆಯ ಸುರಂಗವನ್ನೂ ಸೇರಿಸಿದ್ದೆ. ಮೃತ್ಯುದೇವತೆ ಹಿನೆ-ನುಯಿ-ತೆ-ಪೊ ಮಲಗಿದ್ದಾಗ, ಅವಳ ದೇಹದೊಳಗೆ ಹೊಕ್ಕು ಸಾವನ್ನೇ ಗೆಲ್ಲಹೊರಟ ಮಾವುಯಿ ಅಲ್ಲಿಯೇ ಮಡಿದನು. ಮನುಷ್ಯರಿಗೆ ಸಾವು ತಪ್ಪದಿರುವುದು ಅದರಿಂದಲೇ ಎಂದು ಮಾವೊರಿಗಳ ಕಥೆ. ಚಿತ್ರವನ್ನು ನೋಡಿದ ನಮ್ಮಜ್ಜಿ, "ಹಂಗಾದ್ರೆ ನಮ್ಮ ಗಣಪ್ಪನ ಹೊಟ್ಟೆಯೊಳಗೂ ದೋಣಿ ಬಿಡ್ತೀಯೇನೇ?" ಎಂದರು.

ನಾನು ನಿರುತ್ತರಳಾದೆ. ನಮ್ಮ ಗೂಳೂರಿನ ಮಹಾಗಣಪತಿಯನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಗಣೇಶ ಚತುರ್ಥಿಯಂದು ಕೆರೆಯ ಮಣ್ಣಿನಿಂದ ಮೂರ್ತಿಯ ಕೆಲಸ ಆರಂಭವಾಗುತ್ತದೆ. ಪೂಜೆಯೆಲ್ಲ ಮುಗಿದ ಮೇಲೆ ಮೂರ್ತಿಯು ಊರ ಕೆರೆಯಲ್ಲಿಯೇ ಕರಗುತ್ತದೆ. ಆ ಮೂರ್ತಿಯ ಸೊಂಡಿಲನ್ನು ಯಾರೋ ಜಾರುಗಾಲುವೆ ಮಾಡಿದರೆ ನಾನು ಸಹಿಸಲಾರೆ. ಗಾಳದ ಕಥೆ ನಗುನಗುತ್ತ ಹೇಳತಕ್ಕದ್ದು. ಸಾವಿನ ಕಥೆಯನ್ನು ಚೀಟಿ ಕೊಂಡು ಕಿರುಚುವವರಿಗೆ ಒಪ್ಪಿಸಲು ನಾನಾರು?

ಸುರಂಗವನ್ನು ಅಳಿಸಿದೆ. ಕೊನೆಯ ಇಳಿತವೇ ಹೋಯಿತೆಂದು ಅಣ್ಣ ಎರಡು ದಿನ ಮುನಿಸಿಕೊಂಡಿದ್ದು, ಆಮೇಲೆ ಅಲ್ಲಿ 4 ಮೀಟರಿನ ಬಯಲು ಇಳಿಜಾರನ್ನು ಹೂಡಿದನು. ಮಾದರಿಯಲ್ಲಿ ಖಾಲಿ ಉಳಿದ ಜಾಗಕ್ಕೆ ನಾವು ಕೆರೆಯಂಗಳದ ಜೇಡಿಮಣ್ಣು ತಂದು ಮೀನಿನ ಬೆನ್ನನ್ನು ಮೆತ್ತಿದೆವು. ಒಣಗಿದ ಮೇಲೆ ಅದು ಎರಡು ಕಡೆ ಬಿರುಕುಬಿಟ್ಟಿತು; ಅವೂ ಕಣಿವೆಗಳೇ ಎಂದು ಹಾಗೆಯೇ ಬಿಟ್ಟೆವು.