ಹಿಂಚಕ್ರದ ಡಿಸ್ಕಿಗೆ 90 ಸಾವಿರ

ಗುಂಡ್ಲುಪೇಟೆ ಕಡೆಯ ಬೇಗೂರಿನ ಯುವಕನೊಬ್ಬ ಹಳೆಯ ಡಾಲ್ಫಿನ್ ಕಾರೊಂದನ್ನು 1,10,000 ರೂಪಾಯಿಗೆ ಕೊಂಡ. ಅದರ ಹಿಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸುವ ಹೊತ್ತಿಗೆ ಇನ್ನೂ 90,933 ರೂಪಾಯಿ ಕೈಬಿಟ್ಟಿತ್ತು. ಯುವಕ ಈ ಅಂಕಣಕಾರನ ಅಣ್ಣನ ಮಗ. ರಸೀದಿಗಳನ್ನೆಲ್ಲ ಮುಂದಿಟ್ಟುಕೊಂಡು ಕೂಡಿ ನೋಡುವ ಕೆಲಸ ಚಿಕ್ಕಪ್ಪನ ಪಾಲಿಗೆ ಬಂತು.

ಡಾಲ್ಫಿನ್ ಅಂದರೆ ಹೊಸ ತಲೆಮಾರಿಗೆ ಗೊತ್ತಾಗಲಿಕ್ಕಿಲ್ಲ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರಿನ ವಿನ್ಯಾಸ ತಂದು ಸಿಪಾನಿ ಕಂಪನಿಯವರು 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಿಸಿದ ಕಾರು ಅದು. ಫೈಬರ್ ಮೈ, 848 ಸಿಸಿ ಎಂಜಿನ್, ಹಿಂಚಕ್ರ ಚಾಲನೆ. ತೂಕ ಕಡಿಮೆ ಇದ್ದದ್ದರಿಂದ ರ‍್ಯಾಲಿ ಓಡಿಸುವವರಿಗೆ ಬಲು ಪ್ರೀತಿ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಅದರ ಮುಂದೆ ನಿಲ್ಲಲಾಗಲಿಲ್ಲ. ಈಗ ಉಳಿದಿರುವ ಡಾಲ್ಫಿನ್‌ಗಳಿಗೆ ಬಿಡಿಭಾಗ ಸಿಗುವುದೇ ಕಷ್ಟ. ಮಾರುತಿಯದೊಂದು, ಇನ್ನಾವುದೋ ಕಾರಿನದೊಂದು ಸೇರಿಸಿ ಓಡಿಸಬೇಕು. ಮೂಲ ಕಿಟನ್‌ಗೆ ಇದ್ದದ್ದು 10 ಇಂಚಿನ ಚಕ್ರ, ನಾಲ್ಕಕ್ಕೂ ಡ್ರಮ್ ಬ್ರೇಕ್. ಬೇಗೂರಿನ ಕಾರಿಗೆ ಹಿಂದಿನ ಯಜಮಾನ 12 ಇಂಚಿನ ಚಕ್ರ ಹಾಕಿಸಿ, ಮುಂದಕ್ಕೆ ಮಾತ್ರ ಡಿಸ್ಕ್ ಕೂರಿಸಿದ್ದ.

ಗುಂಡ್ಲುಪೇಟೆ ದಾಟಿದರೆ ಬಂಡೀಪುರ, ಮುಂದೆ ಮಸಿನಗುಡಿ, ಅಲ್ಲಿಂದ ಊಟಿಗೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು. ಈ ಕಡೆ ಕಾರು ಇಟ್ಟುಕೊಂಡವರಿಗೆ ಬ್ರೇಕಿನ ಭಯ ಇರುವುದು ಸಹಜ, ಇರಲೂಬೇಕು. "ಹಿಂದುಕ್ಕೂ ಡಿಸ್ಕ್ ಹಾಕುಸ್ಬುಟ್ರೆ ಯೋಚ್ನೆನೇ ಇಲ್ಲ ಕನ ಚಿಕ್ಕಪ್ಪ" ಎಂದ ಹುಡುಗ. ಆಗಲೇ ಆನ್‌ಲೈನಿನಲ್ಲಿ 42,000 ರೂಪಾಯಿಯ ಕಿಟ್ ಬುಕ್ ಆಗಿತ್ತು.

ಪೆಟ್ಟಿಗೆ ಬಿಚ್ಚಿದಾಗ ಡಿಸ್ಕಿನ ಅಗಲ 240 ಮಿಲಿಮೀಟರ್. 12 ಇಂಚಿನ ರಿಮ್ ಎಂದರೆ ಟಯರ್ ಕೂರುವ ಜಾಗದಲ್ಲಿ ಸುಮಾರು 305 ಮಿಲಿಮೀಟರ್. ಅದರೊಳಗೆ ತಗಡಿನ ದಪ್ಪ ಕಳೆಯಬೇಕು, ರಿಮ್ಮಿನ ನಡುವಿನ ತಗ್ಗು ಕಳೆಯಬೇಕು, ಉಳಿದದ್ದರಲ್ಲಿ ಡಿಸ್ಕಿನ ಅಂಚನ್ನು ಅಪ್ಪಿಕೊಂಡು ಕ್ಯಾಲಿಪರ್ ಕೂರಬೇಕು. ಇಂಗ್ಲೆಂಡಿನ ಮಿನಿ ಕಾರಿನವರು ಇದೇ ಇಕ್ಕಟ್ಟಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು. 1961ರ ಮಿನಿ ಕೂಪರ್‌ನ 10 ಇಂಚಿನ ಚಕ್ರದೊಳಗೆ ಅವರು ಹಿಡಿಸಿದ್ದು 7 ಇಂಚಿನ ಡಿಸ್ಕ್. 1984ರಲ್ಲಿ ಚಕ್ರ 12 ಇಂಚಿಗೆ ಬೆಳೆದಾಗ ಡಿಸ್ಕ್ 8.4 ಇಂಚಿಗೆ, ಅಂದರೆ 213 ಮಿಲಿಮೀಟರಿಗೆ ಬಂತು. ಅದೂ ಮುಂಚಕ್ರಕ್ಕೆ ಮಾತ್ರ. 2000ದಲ್ಲಿ ಆ ಮಿನಿ ನಿಲ್ಲುವವರೆಗೂ ಹಿಂದೆ ಇದ್ದದ್ದು ಡ್ರಮ್ಮೇ.

ಹುಡುಗನ 240 ಮಿಲಿಮೀಟರಿನ ಡಿಸ್ಕ್ 12 ಇಂಚಿನ ರಿಮ್ಮಿನೊಳಗೆ ಹಿಡಿಯಲಿಲ್ಲ. ಹಾಗಾಗಿ 13 ಇಂಚಿನ ನಾಲ್ಕು ರಿಮ್ಮು, ನಾಲ್ಕು ಟಯರ್: 22,000. ಡಿಸ್ಕಿನ ಕ್ಯಾಲಿಪರ್ ಡ್ರಮ್ಮಿನ ಸಿಲಿಂಡರಿಗಿಂತ ಹೆಚ್ಚು ಆಯಿಲ್ ಕೇಳುತ್ತದೆ, ಹಳೆಯ ಮಾಸ್ಟರ್ ಸಿಲಿಂಡರ್ ಸಾಲಲಿಲ್ಲ, ಪೆಡಲ್ ಕೆಳಗಿಳಿಯಿತು. ಹೊಸ ಸಿಲಿಂಡರ್, ಪೈಪು: 6,500. ಲೇತ್ ಕೆಲಸ, ಕೂಲಿ: 7,000.

ಇಷ್ಟೆಲ್ಲ ಆದಮೇಲೆ ಮೆಕ್ಯಾನಿಕ್ ಕೇಳಿದ ಪ್ರಶ್ನೆ: "ಹ್ಯಾಂಡ್‌ಬ್ರೇಕು ಎಲ್ಗೆ ಕಟ್ಟದು ಸಾ?"

ಡ್ರಮ್ಮಿನ ದೊಡ್ಡ ಗುಣ ಅದೇ. ಒಂದು ಕೇಬಲ್ ಎಳೆದರೆ ಒಳಗಿನ ಶೂ ಅಗಲವಾಗಿ ಡ್ರಮ್ಮನ್ನು ಒತ್ತಿ ಹಿಡಿಯುತ್ತದೆ, ಚಕ್ರ ತಿರುಗಲು ಹೋದರೆ ಒಂದು ಶೂ ತಾನಾಗಿ ಇನ್ನೂ ಬಿಗಿಯಾಗುತ್ತದೆ. ಕಿಟ್ಟಿನ ಕ್ಯಾಲಿಪರಿಗೆ ಕೇಬಲ್ ಸಿಕ್ಕಿಸುವ ಕೊಂಡಿಯೇ ಇರಲಿಲ್ಲ. ಪಾರ್ಕಿಂಗ್ ಬ್ರೇಕ್ ಇಲ್ಲದ ಕಾರಿಗೆ ಫಿಟ್‌ನೆಸ್ ಸಿಗುವುದಿಲ್ಲ. ಪ್ರತ್ಯೇಕ ಹ್ಯಾಂಡ್‌ಬ್ರೇಕ್ ಕ್ಯಾಲಿಪರ್, ಕೇಬಲ್: 9,000.

ಈಗ ಕಿಟ್ಟಿನ ಕಂತಿನ ಲೆಕ್ಕ. 'ನೋ ಕಾಸ್ಟ್ ಇಎಂಐ', ತಿಂಗಳಿಗೆ 3,500ರಂತೆ 12 ಕಂತು, ಒಟ್ಟು 42,000. ಬಡ್ಡಿ ಸೊನ್ನೆ ಎಂದು ದೊಡ್ಡದಾಗಿ ಬರೆದಿತ್ತು. ಕಾರ್ಡ್ ಸ್ಟೇಟ್‌ಮೆಂಟ್ ತೆಗೆದರೆ ಬ್ಯಾಂಕು ಹಾಕಿಕೊಂಡ ಬಡ್ಡಿ ವರ್ಷಕ್ಕೆ ಶೇ 15. ತಿಂಗಳಿಗೆ ಶೇ 1.25 ಹಿಡಿದು 12 ಕಂತಿನ ಇವತ್ತಿನ ಬೆಲೆ ತೆಗೆದರೆ 38,778 ರೂಪಾಯಿ ಬರುತ್ತದೆ. ಅಸಲು ಅಷ್ಟೇ. ಉಳಿದ 3,222 ಬಡ್ಡಿ. ಅದನ್ನು ಮಾರುವವನು 'ರಿಯಾಯಿತಿ' ಎಂದು ತೋರಿಸಿ ಬೆಲೆಯಲ್ಲಿ ಇಳಿಸಿ, ಬ್ಯಾಂಕಿನ ಕಡೆಗೆ ದಾಟಿಸಿದ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 580. ಪ್ರೊಸೆಸಿಂಗ್ ಫೀ 299, ಅದಕ್ಕೂ ಜಿಎಸ್‌ಟಿ ಸೇರಿ 353. ಕೈಯಿಂದ ನೇರವಾಗಿ ಹೋದ ಹೆಚ್ಚುವರಿ 933. ಒಂದೇ ಸಲಕ್ಕೆ ದುಡ್ಡು ಕೊಟ್ಟು ಆ ರಿಯಾಯಿತಿಯನ್ನು ತಾನೇ ಚೌಕಾಸಿ ಮಾಡಿ ಪಡೆಯಬಹುದಿದ್ದವನಿಗೆ ನಷ್ಟ 4,155. ಅಸಲಿನ ಶೇ 10.7. ಇದನ್ನು ಬಡ್ಡಿಯಿಲ್ಲದ ಸಾಲ ಎಂದು ಕರೆಯುವುದು ತಪ್ಪು. ಬಡ್ಡಿ ಇದೆ, ತೆರಿಗೆ ಇದೆ, ಫೀ ಇದೆ. ಹೆಸರಿನಲ್ಲಿ ಮಾತ್ರ ಇಲ್ಲ. ಸಹಕಾರ ಸಂಘದ ಸಾಲಕ್ಕೆ ಹತ್ತು ಪ್ರಶ್ನೆ ಕೇಳುವ ಜನ ಫೋನಿನ ಪರದೆಯ ಮೇಲೆ ಒಂದು ಬಟನ್ ಒತ್ತಿ ಇದನ್ನು ಒಪ್ಪಿಕೊಳ್ಳುತ್ತಾರೆ. ಅರಿಸಿನ, ಚೆಂಡುಹೂವಿನ ದುಡ್ಡು ವರ್ಷದಲ್ಲಿ ಒಂದೆರಡು ಸಲ ಕೈಗೆ ಬರುವ ಈ ಸೀಮೆಯಲ್ಲಿ ತಿಂಗಳ ಕಂತು ಇನ್ನೂ ಅಪಾಯದ್ದು. ಬೆಳೆಗೆ ತಿಂಗಳ ಲೆಕ್ಕ ಗೊತ್ತಿಲ್ಲ. ಒಂದು ಕಂತು ತಪ್ಪಿದರೆ ತಡಪಾವತಿ ದಂಡ ಬೇರೆ.

ಕಾರು ರಸ್ತೆಗಿಳಿಯಿತು. ಮಳೆ ಬಿದ್ದ ದಿನ ನಂಜನಗೂಡಿನ ಕಡೆ ಹೋಗುವಾಗ ಜೋರಾಗಿ ಬ್ರೇಕ್ ಒತ್ತಿದರೆ ಹಿಂಚಕ್ರ ಮೊದಲು ಕಚ್ಚಿಕೊಂಡು ಬಾಲ ಪಕ್ಕಕ್ಕೆ ಹೊರಳಿತು. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಜೋರು ಬ್ರೇಕ್ ಕೊಟ್ಟರೆ ಅದು ಜಾರದೆ ಇನ್ನೇನು ಮಾಡೀತು? ಇದಕ್ಕೆ ಮದ್ದು ಪ್ರೊಪೋರ್ಷನಿಂಗ್ ವಾಲ್ವ್, 3,500 ರೂಪಾಯಿ. ಅದರ ಕೆಲಸ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಕಡಿಮೆ ಮಾಡುವುದು. ಹಿಂದಿನ ಬ್ರೇಕ್ ಬಲವಾಗಲಿ ಎಂದು 87,433 ಕೊಟ್ಟಾಗಿತ್ತು. ಬಲವಾದದ್ದನ್ನು ತಗ್ಗಿಸಲು ಮತ್ತೆ ಕೊಡಬೇಕಾಯಿತು. ಹಿಂದೆ ಡ್ರಮ್ ಸಾಕು ಎನ್ನುವುದು ಕಾರು ತಯಾರಿಸುವವರಿಗೆ ಗೊತ್ತು. ಇವತ್ತಿನ ಸ್ವಿಫ್ಟ್‌ಗೂ ಹಿಂದೆ ಡ್ರಮ್, ಫೋಕ್ಸ್‌ವ್ಯಾಗನ್‌ನ ಎಲೆಕ್ಟ್ರಿಕ್ ಐಡಿ.3ಕ್ಕೂ ಹಿಂದೆ ಡ್ರಮ್.

ಅಂಕಣಕಾರನ ಮನೆಯ ಮಾರುತಿ 800 ಊಟಿ ಘಾಟಿಯನ್ನು ಹಿಂದಿನ ಡ್ರಮ್ಮುಗಳಲ್ಲೇ ಹತ್ತಿ ಇಳಿಯುತ್ತದೆ. ಹಿಂದಿನ ಶೂ, ವ್ಹೀಲ್ ಸಿಲಿಂಡರ್, ಡ್ರಮ್ ಲೇತ್ ಹಿಡಿಸಿದ್ದು, ಮುಂದಿನ ಪ್ಯಾಡ್, ಹೊಸ ಬ್ರೇಕ್ ಆಯಿಲ್ ಎಲ್ಲ ಸೇರಿ ಆದದ್ದು 6,200. ಅದರಲ್ಲಿ ಅತ್ಯಂತ ಅಗ್ಗದ್ದು ಆಯಿಲ್, ಜನ ಮರೆಯುವುದೂ ಅದನ್ನೇ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿ ಹಳತಾದ ಆಯಿಲಿಗೆ ಮಾನದಂಡ ಕೇಳುವುದು ಬರೀ 155. ಘಾಟಿ ಇಳಿಯುವಾಗ ಆಯಿಲ್ ಕುದ್ದು ಪೈಪಿನಲ್ಲಿ ಆವಿ ತುಂಬಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಚಕ್ರದಲ್ಲಿ ಡಿಸ್ಕ್ ಇರಲಿ, ಡ್ರಮ್ ಇರಲಿ, ಆಗ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಯಬೇಕು. ಟಯರ್ ಪಕ್ಕದ ನಾಲ್ಕು ಅಂಕಿ ಓದುವುದನ್ನು ಕಲಿಯಬೇಕು: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ರಸ್ತೆಯನ್ನು ಹಿಡಿಯುವುದು ಕೊನೆಗೆ ಟಯರೇ, ದುಡ್ಡು ಮೊದಲು ಅಲ್ಲಿಗೆ ಹೋಗಬೇಕು.

ಡಾಲ್ಫಿನ್‌ನ ಖರ್ಚು ಮುಗಿದಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಲ್ಲೇ ಶುಲ್ಕ 600ರಿಂದ 5,000ಕ್ಕೆ ಏರಿತ್ತು. ವಾಹನವನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಬ್ರೇಕು, ಚಕ್ರ ಬದಲಿಸಿದ ವಿಷಯವನ್ನು ವಿಮಾ ಕಂಪನಿಗೆ ಬರೆದು ತಿಳಿಸುವುದು ಇನ್ನೂ ಬಾಕಿ. ತಿಳಿಸದೆ ಅಪಘಾತವಾದರೆ ಕ್ಲೇಮು ತಕರಾರಿಗೆ ಬೀಳುತ್ತದೆ. ಹುಡುಗ ಬಿಚ್ಚಿದ ಡ್ರಮ್ಮುಗಳನ್ನು ಗುಜರಿಗೆ ಹಾಕಲು ಹೊರಟಿದ್ದ. ಚಿಕ್ಕಪ್ಪ ತಡೆದು, ಗ್ರೀಸ್ ಸವರಿ ಗೋಣಿಚೀಲದಲ್ಲಿ ಕಟ್ಟಿಸಿ ಅಟ್ಟಕ್ಕೆ ಹಾಕಿಸಿದ್ದಾನೆ. ಚಾಮರಾಜನಗರದ ಆರ್‌ಟಿಒ ಕಚೇರಿಯಲ್ಲಿ ಫಿಟ್‌ನೆಸ್ ತಪಾಸಣೆಗೆ ನಿಂತಾಗ ಇನ್‌ಸ್ಪೆಕ್ಟರ್ ಮೂಲ ಬ್ರೇಕನ್ನೇ ಕೇಳಿದರೆ ಅವು ಬೇಕಾಗುತ್ತವೆ.