ಹತ್ತಿ ಬಾಡಿದಾಗ ಗಿಡದೊಳಗೆ ಏನು ನಡೀತದೆ?

ಹದಿನೈದು ದಿನ ಮಳೆ ಕೈಕೊಟ್ಟರೆ ಸಾಕು, ತುಳಸಿಗೇರಿ, ಹುನಗುಂದ ಕಡೆಯ ಎರೆಹೊಲಗಳಲ್ಲಿ ಹತ್ತಿ ಎಲೆ ಜೋತು ಬೀಳ್ತವೆ, ಮೊಗ್ಗು ಉದುರ್ತವೆ. ಕೂಡಲೇ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿ "ಯಾವ ಎಣ್ಣೆ ಹೊಡೀಲಿ?" ಅಂತ ಕೇಳ್ತೀವಿ. ಅದಕ್ಕೂ ಮೊದಲು ಗಿಡ ತಾನೇ ಏನು ಮಾಡ್ತಿದೆ ಅಂತ ತಿಳ್ಕೊಂಡರೆ ಒಂದು ಸಿಂಪರಣೆ ಖರ್ಚು ಉಳೀಬಹುದು.

ಗಿಡದೊಳಗಿನ ಸ್ಟಾರ್ಟರ್

ಮಣ್ಣು ಒಣಗಿದಂತೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಾಗ್ತದೆ. ಎಲೆಯ ಸಣ್ಣ ರಂಧ್ರಗಳು ಮುಚ್ಚಿ, ನೀರು ಆವಿಯಾಗೋದು ಕಡಿಮೆ ಆಗ್ತದೆ. ಅದೇ ಹೊತ್ತಿಗೆ ಕೆಲವು ಪ್ರೋಟೀನುಗಳು ಡಿಎನ್‌ಎ ಮೇಲೆ ಕೂತು ಬೇಕಾದ ಜೀನ್ ಚಾಲೂ ಮಾಡ್ತವೆ, ಬೇಡವಾದದ್ದನ್ನು ಬಂದ್ ಮಾಡ್ತವೆ. ಇವೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಬೋರ್‌ವೆಲ್ ಸ್ಟಾರ್ಟರ್ ಇದ್ದಂಗೆ. ಆದರೆ ಇಲ್ಲಿ ಒಂದು ಸ್ಟಾರ್ಟರ್ ಹತ್ತಾರು ಮೋಟರ್ ಓಡಿಸ್ತದೆ.

ಇವುಗಳಲ್ಲಿ ಮನೆತನಗಳಿವೆ: ಡಬ್ಲ್ಯೂಆರ್‌ಕೆವೈ, ಎನ್‌ಎಸಿ, ಎಂವೈಬಿ, ಇಆರ್‌ಎಫ್. ಒಂದೇ ಅಡ್ಡಹೆಸರಿನ ಅಣ್ಣತಮ್ಮಂದಿರು, ಆದರೆ ಒಬ್ಬೊಬ್ಬರದು ಒಂದೊಂದು ಕೆಲಸ. ಹತ್ತಿಯಲ್ಲಿ ಡಬ್ಲ್ಯೂಆರ್‌ಕೆವೈ ಮನೆತನದಲ್ಲೇ ನೂರಕ್ಕೂ ಹೆಚ್ಚು ಜೀನ್‌ಗಳಿವೆ. ಹಾಗಾಗಿ "ಬರ ತಡೆಯುವ ಶಕ್ತಿ" ಒಂದೇ ಬಾಟಲಿಯಲ್ಲಿ ಸಿಗೋದಿಲ್ಲ.

ಜವಾರಿ ಅಂದ್ರೆ ಸಾಕೇ?

ನಮ್ಮ ಭಾಗದ ಜಯಧರದಂಥ ಜವಾರಿ ಹತ್ತಿ ಬರಕ್ಕೆ ಗಟ್ಟಿ ಅಂತ ಹಿರಿಯರು ಹೇಳ್ತಾರೆ. ಹೌದು, ಆದರೆ ಎಲ್ಲ ಜವಾರಿಯೂ ಒಂದೇ ಅಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎರಡು ಜವಾರಿ ತಳಿಗಳನ್ನು ಬರಕ್ಕೆ ಒಡ್ಡಿ ನೋಡಿದರು. ವಾಗಡ ತಳಿ ತಡೆದುಕೊಂಡಿತು, ಆರ್‌ಎಎಚ್‌ಎಸ್-14 ಸೋತಿತು. ವಾಗಡದಲ್ಲಿ ಡಬ್ಲ್ಯೂಆರ್‌ಕೆವೈ, ಇಆರ್‌ಎಫ್, ಎಂವೈಬಿ ಸ್ಟಾರ್ಟರ್‌ಗಳು ಹೆಚ್ಚು ಚುರುಕಾಗಿದ್ದವು. ಇನ್ನು ಬಿಟಿ ಜೀನ್ ಇರೋದು ಕಾಯಿಕೊರಕಕ್ಕೆ, ಬರಕ್ಕಲ್ಲ. ಬೀಜ ಕೊಳ್ಳುವಾಗ ಇದು ನೆನಪಿರಲಿ.

ಹೊಲದಲ್ಲಿ ಏನು ಮಾಡೋದು?

• ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಮುಂಜಾನೆಯೂ ಬಾಡಿದ್ದರೆ ಮಣ್ಣು ಕೆದರಿ ನೋಡಿ. ಒಣಗಿದ್ದರೆ ನೀರು ಕೊಡಲೇಬೇಕು. ಹಸಿ ಇದ್ದರೆ ಬೇರಿನ ರೋಗ ಇದೆಯೇ ಅಂತ ಪರೀಕ್ಷಿಸಿ.

• ಉದುರಿದ ಹತ್ತು-ಇಪ್ಪತ್ತು ಮೊಗ್ಗು ಆರಿಸಿ ನೋಡಿ. ತೂತಿದ್ದರೆ ಹುಳದ ಕೆಲಸ. ತೂತಿಲ್ಲ, ಮಣ್ಣೂ ಒಣಗಿದೆ ಅಂದ್ರೆ ಸಾಕಲಾಗದ ಮೊಗ್ಗನ್ನು ಗಿಡವೇ ಬಿಟ್ಟಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಕೀಟನಾಶಕ ದಂಡ.

• ಇರೋದು ಒಂದೇ ನೀರಾದರೆ ಹೂವು-ಕಾಯಿ ಕಟ್ಟುವ ಹಂತಕ್ಕೆ ಉಳಿಸಿಕೊಳ್ಳಿ. ಸಾಲು ಬಿಟ್ಟು ಸಾಲು ಹಾಯಿಸಿ. ಕಾದ ಎರೆಹೊಲಕ್ಕೆ ಒಮ್ಮೆಲೇ ನೀರು ತುಂಬಿದರೆ ಕಾಯಿ ಹೊತ್ತ ಗಿಡ ಒಂದೆರಡು ದಿನದಲ್ಲೇ ದಿಢೀರ್ ಸೊರಗಬಹುದು.

• ಬಿರುಕು ದೊಡ್ಡದಾಗುವ ಮೊದಲೇ ಎಡೆ ಹೊಡೀರಿ. ಕಿತ್ತ ಕಳೆ, ಜೋಳದ ದಂಟು ಸಾಲಿನ ನಡುವೆ ಹೊದಿಸಿ.

ಗಿಡದ ಸ್ಟಾರ್ಟರ್ ಚಾಲೂ ಆದರೂ ಕೆಳಗೆ ತೇವ ಇಲ್ಲದಿದ್ದರೆ ಅದು ಎಷ್ಟು ದಿನ ತಡೆದೀತು? ಬಾವಿ ಬತ್ತಿದ ಮೇಲೆ ಮೋಟರ್ ಓಡಿಸಿದಂಗೆ. ಮುಂದಿನ ಸಲ ಹತ್ತಿ ಬಾಡಿದಾಗ ಅಂಗಡಿಗೆ ಹೋಗೋ ಮುಂಚೆ ಮುಂಜಾನೆ ಒಮ್ಮೆ ಹೊಲಕ್ಕೆ ಹೋಗಿ ನೋಡ್ರಿ.