ಬಂದೂಕಿನಲ್ಲಿ ಬಂದೂಕು ಯಾವುದು?

ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ನಾವೆಲ್ಲ ಫಿಟ್ಟಿಂಗ್ ಮಾಡಿದ್ದೇವೆ. ಅರ್ಧ ಉಜ್ಜಿದ ಎಂಎಸ್ ಪ್ಲೇಟ್ ತೋರಿಸಿ "ಸರ್, ಇದು ವಿ ಜಾಯಿಂಟ್" ಅಂದ್ರೆ ಯಾರೂ ಮಾರ್ಕ್ಸ್ ಕೊಡಲ್ಲ. ಹಾಗಾದ್ರೆ ಎಷ್ಟು ಉಜ್ಜಿದ ಮೇಲೆ ಅದು ವಿ ಜಾಯಿಂಟ್ ಆಗುತ್ತೆ? ಇದು ತಮಾಷೆ ಪ್ರಶ್ನೆ ಅನ್ನಿಸಬಹುದು. ಆದರೆ ಅಮೆರಿಕದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯ್ತು. ಅಲ್ಲಿ ಪ್ಲೇಟ್ ಬದಲು ಇದ್ದದ್ದು ಬಂದೂಕಿನ ಫ್ರೇಮ್ ಮತ್ತು ರಿಸೀವರ್.

ರಿಸೀವರ್ ಅಂದ್ರೆ ಬಂದೂಕಿನ ಮೈ. ನಳಿಗೆ, ಟ್ರಿಗರ್, ಹ್ಯಾಮರ್, ಬೋಲ್ಟ್ ಎಲ್ಲ ಅದಕ್ಕೇ ಜೋಡಣೆ ಆಗೋದು. ಪಿಸ್ತೂಲಿನಲ್ಲಾದರೆ ಅದನ್ನೇ ಫ್ರೇಮ್ ಅಂತಾರೆ. 1938ರ ಅಮೆರಿಕನ್ ಕಾನೂನಿನಲ್ಲಿ ಬಂದೂಕಿನ ಯಾವ ಭಾಗವಾದರೂ ಬಂದೂಕೇ ಆಗಿತ್ತು. ಪ್ರತಿ ಸ್ಕ್ರೂ, ಸ್ಪ್ರಿಂಗಿಗೂ ಲೆಕ್ಕ ಇಡೋದು ಆಗದ ಮಾತು ಅಂತ 1968ರ ಗನ್ ಕಂಟ್ರೋಲ್ ಆಕ್ಟ್‌ನಲ್ಲಿ ಅದನ್ನು ಬದಲಾಯಿಸಿದರು. ಬಿಡಿಭಾಗಗಳಲ್ಲಿ ಫ್ರೇಮ್ ಅಥವಾ ರಿಸೀವರ್ ಮಾತ್ರ ಬಂದೂಕಿಗೆ ಸಮ. ಸೀರಿಯಲ್ ನಂಬರ್ ಅದರ ಮೇಲೆ. ಅಂಗಡಿಯಲ್ಲಿ ಕೊಳ್ಳುವಾಗ ಬ್ಯಾಕ್‌ಗ್ರೌಂಡ್ ಚೆಕ್ ಆಗೋದೂ ಅದಕ್ಕೇ. ಉಳಿದದ್ದೆಲ್ಲ ಸ್ಪೇರ್ ಪಾರ್ಟ್.

ನಮ್ಮಂಥವರಿಗೆ ಮಜಾ ಅನ್ಸೋದು ಇಲ್ಲಿಂದ ಮುಂದೆ. ನಿಯಮದಲ್ಲಿ ಬರೆದಿದ್ದ ವ್ಯಾಖ್ಯಾನದ ಪ್ರಕಾರ ರಿಸೀವರ್ ಅಂದ್ರೆ ಹ್ಯಾಮರ್, ಬೋಲ್ಟ್, ಫೈರಿಂಗ್ ಮೆಕ್ಯಾನಿಸಂ ಮೂರಕ್ಕೂ ಮನೆಯಾಗಿರುವ ಭಾಗ. ಸಾಮಾನ್ಯವಾಗಿ ನಳಿಗೆ ಕೂರಿಸೋಕೆ ಮುಂದೆ ಥ್ರೆಡ್ ಕೂಡ ಇರುತ್ತೆ. ಹಳೇ ರೈಫಲ್‌ಗಳಿಗೆ ಇದು ಸರಿ ಹೊಂದುತ್ತೆ. ಆದರೆ ಅಮೆರಿಕದಲ್ಲಿ ತುಂಬಾ ಜನ ಇಟ್ಟುಕೊಂಡಿರೋ ಎಆರ್-15ರಲ್ಲಿ ಮೈ ಎರಡು ತುಂಡು. ಬೋಲ್ಟ್ ಮತ್ತು ನಳಿಗೆ ಮೇಲಿನ ತುಂಡಿನಲ್ಲಿ, ಹ್ಯಾಮರ್ ಮತ್ತು ಟ್ರಿಗರ್ ಕೆಳಗಿನ ತುಂಡಿನಲ್ಲಿ. ಅಕ್ಷರಶಃ ಓದಿದರೆ ಎರಡೂ ರಿಸೀವರ್ ಅಲ್ಲ! ಆದರೂ ಸರ್ಕಾರ ದಶಕಗಳಿಂದ ಕೆಳಗಿನದನ್ನೇ ಬಂದೂಕು ಅಂತ ಎಣಿಸುತ್ತಾ ಬಂತು. 2019ರಲ್ಲಿ ಒಹಾಯೊದ ಫೆಡರಲ್ ಕೋರ್ಟ್ ಒಂದು ಕೇಸಿನಲ್ಲಿ, ಬರೆದಿರೋ ವ್ಯಾಖ್ಯಾನಕ್ಕೆ ಇದು ಕೂರಲ್ಲ ಅಂತ ಆರೋಪವನ್ನೇ ಕೈಬಿಟ್ಟಿತು. ಸ್ಪೆಸಿಫಿಕೇಶನ್ ಬರೆಯುವಾಗ "ಮತ್ತು" ಯಾವುದು "ಅಥವಾ" ಯಾವುದು ಅಂತ ನೋಡದಿದ್ರೆ ಹೀಗೇ ಆಗೋದು.

ಮೆಕ್ಯಾನಿಕಲ್ ದೃಷ್ಟಿಯಿಂದ ಇನ್ನೊಂದು ವಿಚಿತ್ರ ಇದೆ. .223 ರೆಮಿಂಗ್ಟನ್ ಗುಂಡು ಸಿಡಿದಾಗ ಒತ್ತಡದ ಮಿತಿ ಸುಮಾರು 55,000 ಪಿಎಸ್‌ಐ, ಅಂದ್ರೆ 380 ಮೆಗಾಪ್ಯಾಸ್ಕಲ್ ಹತ್ತಿರ. ಎಆರ್-15ರಲ್ಲಿ ಬೋಲ್ಟ್ ಹೋಗಿ ಲಾಕ್ ಆಗೋದು ನಳಿಗೆಯ ಹಿಂಬದಿಯ ಉಕ್ಕಿನ ಭಾಗಕ್ಕೆ. ಹಾಗಾಗಿ ಆ ಹೊಡೆತವೆಲ್ಲ ಅಲ್ಲೇ ಮುಗಿಯುತ್ತೆ. ಕೆಳಗಿನ ರಿಸೀವರ್‌ಗೆ ಅದು ಬರೋದೇ ಇಲ್ಲ, ಅದಕ್ಕೇ ಅದನ್ನು ಅಲ್ಯೂಮಿನಿಯಂನಲ್ಲಿ ಮಾಡೋಕೆ ಸಾಧ್ಯ. ಅಂದ್ರೆ ಕಾನೂನು ಬಂದೂಕು ಅಂತ ಕರೆದದ್ದು ಬಹಳ ಕಡಿಮೆ ಒತ್ತಡ ತಾಳಬೇಕಾದ ತುಂಡನ್ನು. ಡಿಸೈನ್ ಸಬ್ಜೆಕ್ಟ್ ಓದಿದ ಯಾರನ್ನಾದರೂ ಕೇಳಿದ್ರೆ ನಳಿಗೆ, ಬೋಲ್ಟ್ ಕಡೆ ಬೆರಳು ತೋರಿಸ್ತಿದ್ರು.

ಈ ಸಂದಿಯಲ್ಲೇ ಒಂದು ವ್ಯಾಪಾರ ಹುಟ್ಟಿಕೊಂಡಿತು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಬಂದೂಕು ತಯಾರಿಸುವ ಲೈಸೆನ್ಸ್ ಬೇಕಾಗಿರೋದು ಅದನ್ನು ವ್ಯಾಪಾರವಾಗಿ ಮಾಡೋರಿಗೆ. ಬಂದೂಕು ಇಟ್ಟುಕೊಳ್ಳಲು ಅರ್ಹತೆ ಇರೋನು ತನ್ನ ಬಳಕೆಗೆ ಸಾಮಾನ್ಯ ಬಂದೂಕು ಮಾಡಿಕೊಂಡ್ರೆ ಲೈಸೆನ್ಸೂ ಬೇಡ, ಸೀರಿಯಲ್ ನಂಬರೂ ಬೇಡ. ಹೀಗಾಗಿ ಕೆಲವು ಕಂಪನಿಗಳು ಪೂರ್ತಿ ಮಾಡದ ರಿಸೀವರ್‌ಗಳನ್ನು "ಇದು ಬರೀ ಲೋಹ" ಅಂತ ಮಾರಿದವು. ಬಾಯಿಮಾತಿನಲ್ಲಿ ಅದಕ್ಕೆ 80 ಪರ್ಸೆಂಟ್ ಅನ್ನೋ ಹೆಸರು. ಕಾನೂನಿನಲ್ಲಿ ಆ 80 ಅನ್ನೋ ಅಂಕಿ ಎಲ್ಲೂ ಇಲ್ಲ. ಅದು ವ್ಯಾಪಾರಿಗಳ ಭಾಷೆ.

ದುಡ್ಡು ಉಳಿಯುತ್ತಾ? ಇಲ್ಲ. ಫ್ಯಾಕ್ಟರಿಯಲ್ಲಿ ಮಾಡಿದ ಖಾಲಿ ಎಆರ್ ಲೋಯರ್ ಅಲ್ಲಿ ಎಷ್ಟೋ ಕಡೆ 100 ಡಾಲರಿಗಿಂತ ಕಡಿಮೆಗೆ ಸಿಗುತ್ತೆ. ಮನೆಯಲ್ಲಿ ಮಾಡೋಕೆ ಟೂಲ್ಸ್, ಸಮಯ, ಹಾಳಾದ ಪೀಸ್‌ಗಳ ಖರ್ಚು ಸೇರಿದ್ರೆ ಲೆಕ್ಕ ಎಲ್ಲಿಗೋ ಹೋಗುತ್ತೆ. ಪಿನ್ ತೂತು ಸ್ವಲ್ಪ ಆಚೀಚೆ ಆದರೂ ಟ್ರಿಗರ್, ಸೇಫ್ಟಿ ನಂಬೋ ಹಾಗಿರಲ್ಲ, ಸಿಡಿಯಬಾರದ ಹೊತ್ತಲ್ಲಿ ಸಿಡಿಯಬಹುದು. ಅಲ್ಲಿಗೆ ಉಳಿಯೋದು ಎರಡೇ ಕಾರಣ: ಕೈಯಾರೆ ಮಾಡುವ ಹವ್ಯಾಸ, ಇಲ್ಲವೇ ನಂಬರ್ ಇಲ್ಲದ ಗನ್ ಬೇಕು ಅನ್ನೋ ಆಸೆ. ಮೊದಲನೆಯವರು ತುಂಬಾ ಜನ ಇದ್ದಾರೆ, ಒಪ್ಪೋಣ. ಆದರೆ ಈ ಅಂಕಿಗಳನ್ನು ನೋಡಿ: 2017ರಲ್ಲಿ ಅಲ್ಲಿನ ಪೊಲೀಸರು ಮೂಲ ಪತ್ತೆಗೆ ಅಂತ ಫೆಡರಲ್ ಸರ್ಕಾರಕ್ಕೆ ಕಳಿಸಿದ ನಂಬರಿಲ್ಲದ ಗನ್‌ಗಳು ಸುಮಾರು 1,600. 2021ರಲ್ಲಿ 19,000 ದಾಟಿತು. ನಂಬರ್ ಇಲ್ಲದಿದ್ರೆ ಯಾರು ಮಾರಿದ್ದು, ಯಾರು ಕೊಂಡಿದ್ದು ಅಂತ ಹುಡುಕೋಕೆ ಎಳೆಯೇ ಸಿಗಲ್ಲ.

2022ರ ಆಗಸ್ಟ್‌ನಲ್ಲಿ ಹೊಸ ನಿಯಮ ಜಾರಿಗೆ ಬಂತು. ಸುಲಭವಾಗಿ ಪೂರ್ತಿ ಮಾಡಬಹುದಾದ ಫ್ರೇಮ್, ರಿಸೀವರ್, ಕಿಟ್‌ಗಳೂ ಬಂದೂಕೇ. ಮಾರೋರಿಗೆ ಲೈಸೆನ್ಸ್, ವಸ್ತುವಿಗೆ ನಂಬರ್, ಕೊಳ್ಳೋರಿಗೆ ಚೆಕ್. ಇದನ್ನು ಪ್ರಶ್ನಿಸಿದ ಕೇಸಿನಲ್ಲಿ 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ 7-2ರಲ್ಲಿ ನಿಯಮದ ಪರ ನಿಂತಿತು. ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೋರ್ಸಚ್ ಕೊಟ್ಟ ಉದಾಹರಣೆ ನನಗೆ ತುಂಬಾ ಹಿಡಿಸ್ತು. ಐಕಿಯಾದಿಂದ ಡಬ್ಬದಲ್ಲಿ ಬಂದ ಟೇಬಲನ್ನು ಇನ್ನೂ ಜೋಡಿಸದಿದ್ದರೂ ಜನ ಟೇಬಲ್ ಅಂತಾನೇ ಕರೀತಾರಲ್ಲ ಅಂತ ಅವರ ವಾದ. ಹಾಗಂತ ಎಲ್ಲ ಅರೆಬರೆ ತುಂಡೂ ಬಂದೂಕು ಅಂತ ಕೋರ್ಟ್ ಹೇಳಲಿಲ್ಲ. ಕೆಲವಾದರೂ ಕಿಟ್‌ಗಳು ಖಂಡಿತ ಈ ಕಾನೂನಿಗೆ ಬರುತ್ತವೆ, ಗೆರೆ ಮೇಲಿರೋದನ್ನ ಆಮೇಲೆ ನೋಡೋಣ ಅಂದಿತು. ಮನೆಯಲ್ಲಿ ಮಾಡಿಕೊಳ್ಳೋದನ್ನು ಆ ನಿಯಮ ನಿಷೇಧಿಸಿಲ್ಲ. ಕ್ಯಾಲಿಫೋರ್ನಿಯಾ ಥರದ ರಾಜ್ಯಗಳಲ್ಲಿ ಮಾತ್ರ ಇದಕ್ಕಿಂತ ಬಿಗಿ ಕಾನೂನು ಇದೆ.

ಇದನ್ನ ಓದಿ "ಎಂಎಸ್‌ಗೆ ಹೋದಾಗ ರೂಮ್‌ಮೇಟ್ ಜೊತೆ ಸೇರಿ ಒಂದು ಟ್ರೈ ಮಾಡ್ಬೋದು" ಅಂತ ಯಾರಿಗಾದ್ರೂ ಅನ್ನಿಸಿದ್ರೆ ಸ್ವಲ್ಪ ನಿಲ್ಲಿ. ಎಫ್-1 ಥರದ ವೀಸಾದಲ್ಲಿರೋರು ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ರೆ ಬಂದೂಕು ಇಟ್ಟುಕೊಳ್ಳೋದೇ ಫೆಡರಲ್ ಅಪರಾಧ. ರಿಸೀವರ್ ಒಂದೇ ಇದ್ದರೂ ಅಷ್ಟೇ, ಯಾಕಂದ್ರೆ ಕಾನೂನಿನ ಲೆಕ್ಕದಲ್ಲಿ ಅದೇ ಬಂದೂಕು.

ನಮ್ಮ ದೇಶದಲ್ಲಂತೂ ಯಾವ ತುಂಡು ಅನ್ನೋ ಚರ್ಚೆಯೇ ಬರಲ್ಲ. 1959ರ ಆರ್ಮ್ಸ್ ಆಕ್ಟ್‌ನಲ್ಲಿ ಬಂದೂಕು ಅನ್ನೋ ಪದದೊಳಗೆ ಅದರ ಬಿಡಿಭಾಗಗಳು ಮಾತ್ರ ಅಲ್ಲ, ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಅಮೆರಿಕ 1968ರಲ್ಲಿ ಬಿಟ್ಟ ದಾರಿಯಲ್ಲಿ ನಾವು ಇನ್ನೂ ಇದ್ದೀವಿ ಅನ್ನಬಹುದು. ಸೆಕ್ಷನ್ 5ರ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು, "ನನ್ನ ಸ್ವಂತಕ್ಕೆ" ಅನ್ನೋ ನೆಪ ನಡೆಯಲ್ಲ. 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಲ್ಯಾಬಿನ 3ಡಿ ಪ್ರಿಂಟರ್‌ನಲ್ಲಿ "ಸುಮ್ನೆ ನೋಡೋಣ" ಅಂತ ನಿಜವಾದ ಬಂದೂಕಿನ ಒಂದು ಪಾರ್ಟ್ ತೆಗೆದ್ರೂ ಪೊಲೀಸರ ಎದುರು ಮಿನಿ ಪ್ರಾಜೆಕ್ಟ್ ಅನ್ನೋ ಉತ್ತರ ಸಾಕಾಗಲ್ಲ.

ಕೊಡಗಿನ ಗೆಳೆಯರು ಈಗ "ನಮಗೆ ಲೈಸೆನ್ಸೇ ಬೇಡ" ಅಂತ ಹೇಳ್ತಾರೆ, ಗೊತ್ತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇರೋದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ಸೆಕ್ಷನ್ 3 ಮತ್ತು 4ಕ್ಕೆ, ಅಂದ್ರೆ ಬಂದೂಕು ಇಟ್ಟುಕೊಳ್ಳೋಕೆ, ಒಯ್ಯೋಕೆ. ತಯಾರಿಕೆ ಇರೋದು ಸೆಕ್ಷನ್ 5ರಲ್ಲಿ. ಕೈಲ್ ಮುಹೂರ್ತದ ದಿನ ಪೂಜೆಗೆ ಇಡೋ ತೋಕಿಗೆ ಲೈಸೆನ್ಸ್ ಬೇಡದಿರಬಹುದು, ಮನೆಯಲ್ಲೇ ಹೊಸದೊಂದು ತೋಕು ಮಾಡ್ತೀನಿ ಅಂದ್ರೆ ಮಡಿಕೇರಿಗೂ ಬೆಂಗಳೂರಿಗೂ ಒಂದೇ ಕಾನೂನು.